ವಾಟರ್‌ಲೂ ಕಡಲ ಗುಡಿಯಿಂದ ಟೊಬಾಗೋ ಕಾಡಿನವರೆಗೆ

ಟ್ರಿನಿಡಾಡ್‌ಗೆ ಬರುವ ಅನೇಕರು ಕಾರ್ನಿವಲ್ ನೋಡುತ್ತಾರೆ, ಮರಾಕಸ್ ಕಡಲತೀರದಲ್ಲಿ ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನು ಇಟ್ಟು ಕೊಡುವುದನ್ನು ತಿನ್ನುತ್ತಾರೆ, ಮರುದಿನ ಟೊಬಾಗೋಗೆ ವಿಮಾನ ಹತ್ತುತ್ತಾರೆ. ನಡುವಿನ ಕಬ್ಬಿನ ಸೀಮೆಗೆ ಯಾರೂ ಹೊರಳುವುದಿಲ್ಲ ಎಂಬುದು ನನ್ನ ಸಂಕಟ. ಕಬ್ಬು ಈಗ ಹೆಸರಿಗಷ್ಟೆ ಉಳಿದಿದೆ. ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಬಾಗಿಲು ಹಾಕಿತು. ಕಬ್ಬು ಕಡಿದವರ ಕೊನೆಯ ತಲೆಮಾರೂ ಕಣ್ಮರೆಯಾಗುತ್ತಿದೆ.

ಅಂಕಿಅಂಶ ಹೇಳಿಬಿಡುತ್ತೇನೆ. ವೆನೆಜುವೆಲಾದ ಮಗ್ಗುಲಲ್ಲಿರುವ ಈ ಎರಡು ದ್ವೀಪಗಳ ವಿಸ್ತೀರ್ಣ ಸುಮಾರು 5,100 ಚದರ ಕಿಲೋಮೀಟರ್, ಅದರಲ್ಲಿ ಟೊಬಾಗೋದ ಪಾಲು 300. ಸ್ವಾತಂತ್ರ್ಯ ಬಂದದ್ದು 31 ಆಗಸ್ಟ್ 1962ರಂದು. ಜನರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಭಾರತ ಮೂಲದವರು. ಒಪ್ಪಂದದ ಕೂಲಿಗಳ ಮೊದಲ ಹಡಗು 'ಫಟೆಲ್ ರಜಾಕ್' ಬಂದು ನಿಂತ 30 ಮೇ 1845ರ ನೆನಪಿಗೆ ಪ್ರತಿ ವರ್ಷ ದೇಶಕ್ಕೆಲ್ಲ ರಜೆ. 1917ರವರೆಗೆ ಹೀಗೆ ಬಂದವರು ಸುಮಾರು 1.4 ಲಕ್ಷ. ಹೆಚ್ಚಿನವರು ಭೋಜಪುರಿ ಸೀಮೆಯವರು. ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು.

ಮೊದಲು ನೋಡಬೇಕಾದದ್ದು ಪಶ್ಚಿಮ ಕರಾವಳಿಯ ವಾಟರ್‌ಲೂ. ಅಲ್ಲಿ ಕಡಲೊಳಗೆ ಒಂದು ಎಂಟು ಮೂಲೆಯ ಬಿಳಿ ಗುಡಿ ನಿಂತಿದೆ. ಕಟ್ಟಿದವನು ಸೀವ್‌ದಾಸ್ ಸಾಧು, ಕಬ್ಬಿನ ತೋಟದ ಕೂಲಿ. 1947ರಲ್ಲಿ ದಡದ ಮೇಲೆ ಅವನು ಮೊದಲ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. ತೆರವು ಮಾಡು ಎಂದರು, ಅವನು ಒಪ್ಪಲಿಲ್ಲ. 1952ರಲ್ಲಿ ಗುಡಿಯನ್ನು ಕೆಡವಿಸಿ ಅವನನ್ನು ಜೈಲಿಗೆ ಹಾಕಿದರು. ಹದಿನಾಲ್ಕು ದಿನ ಜೈಲು, 500 ಡಾಲರ್ ದಂಡ ಎಂಬುದು ಜನ ಹೇಳುವ ಲೆಕ್ಕ. ದಿನಗೂಲಿಯವನಿಗೆ ಅದು ಎಂಥ ಮೊತ್ತ!

ಹೊರಬಂದ ಸಾಧು, ನೆಲ ನಿಮ್ಮದಾದರೆ ಕಡಲು ಯಾರದೂ ಅಲ್ಲವಲ್ಲ ಎಂದು ನೀರಿಗಿಳಿದ. ಸೈಕಲ್ಲಿಗೆ ಬಕೆಟ್ ತೂಗುಹಾಕಿ ಕಲ್ಲು, ಮರಳು, ಸಿಮೆಂಟು ಸಾಗಿಸಿದ. ಇಳಿತದ ಹೊತ್ತಿನಲ್ಲಿ ಕೆಸರಿನಲ್ಲಿ ದಾರಿ ಹಾಕುತ್ತ, ಪೀಪಾಯಿಗಳಲ್ಲಿ ಕಾಂಕ್ರೀಟು ತುಂಬಿ ನಿಲ್ಲಿಸುತ್ತ ದಡದಿಂದ ಸುಮಾರು 500 ಅಡಿ ಒಳಗೆ ನೆಲವನ್ನೇ ಹುಟ್ಟಿಸಿದ. ಹುಚ್ಚ ಎಂದು ನಕ್ಕವರಿದ್ದರು. ಇಪ್ಪತ್ತು ವರ್ಷಕ್ಕೆ ಹತ್ತಿರದ ದುಡಿಮೆ ಅದು. ಅವನು ತೀರಿಕೊಂಡ ಮೇಲೆ ಅಲೆಗಳು ಗುಡಿಯನ್ನು ತಿಂದವು. ಭಾರತೀಯರು ಬಂದ 150ನೇ ವರ್ಷದ ಹೊತ್ತಿಗೆ, 1990ರ ದಶಕದಲ್ಲಿ, ಸರ್ಕಾರದ ನೆರವಿನಿಂದ ಅದು ಮತ್ತೆ ಎದ್ದಿತು.

ಇಲ್ಲೊಂದು ತಕರಾರು ಇದೆ. ಸಾಧುವೇ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ಕೂಲಿ ಎಂದು ಕೆಲವರು ಬರೆಯುತ್ತಾರೆ. ತಂದೆತಾಯಿಯ ಜೊತೆ ಚಿಕ್ಕ ಮಗುವಾಗಿ ಬಂದವನು ಎಂಬುದು ಇನ್ನು ಕೆಲವರ ಮಾತು. ಅವನು ತೀರಿಕೊಂಡ ವರ್ಷ ಒಂದು ಕಡೆ 1970, ಇನ್ನೊಂದು ಕಡೆ 1971. ಓದಿದ್ದನ್ನೆಲ್ಲ ಎದುರುಬದುರು ಇಟ್ಟು ನೋಡಿದಾಗ ಮಗುವಾಗಿ ಬಂದ ಕಥೆಯೇ ನನಗೆ ಹೆಚ್ಚು ನಂಬುವಂತೆ ಕಂಡಿತು. ಅರ್ಧ ಶತಮಾನದ ಹಿಂದೆ ಸತ್ತವನ ಇಸವಿಯೇ ಹೀಗೆ ಜಾರುತ್ತಿದ್ದರೆ, ಅವನಿಗೆ ಕಲ್ಲು ಎತ್ತಿಕೊಟ್ಟವರ ಹೆಸರು ಎಲ್ಲಿ ಸಿಕ್ಕೀತು? ಅಲ್ಲಿನ ಮುದುಕರನ್ನು ಕೂರಿಸಿ ಕೇಳಿ ಬರೆದಿಡುವ ಕೆಲಸ ಇನ್ನೂ ತಡವಾಗಬಾರದು. ಗುಡಿಯ ಸುತ್ತ ಬಿದಿರುಗಳಕ್ಕೆ ಕಟ್ಟಿದ ಬಣ್ಣಬಣ್ಣದ ಜಂಡಿ ಬಾವುಟಗಳಿವೆ, ಪಕ್ಕದಲ್ಲೇ ಸುಡುಗಾಡು. ಬೆಳಿಗ್ಗೆ ಹೋಗಿ, ಚಪ್ಪಲಿ ಬಿಟ್ಟು ಒಳಗೆ ನಿಲ್ಲಿ.

ಅಲ್ಲಿಂದ ಸ್ವಲ್ಪ ದೂರದ ಕರಾಪಿಚೈಮಾದಲ್ಲಿ 85 ಅಡಿಯ ಹನುಮಂತನಿದ್ದಾನೆ. ಇದನ್ನು ನಿಲ್ಲಿಸಿದ್ದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮ. ಮೈಸೂರಿನಿಂದ ಇಷ್ಟು ದೂರದಲ್ಲಿ ಮೈಸೂರಿನ ಹೆಸರು ಕೇಳಿದರೆ ಯಾವ ಕನ್ನಡಿಗನಿಗೂ ಎದೆ ಉಬ್ಬುತ್ತದೆ. ರಾಜಧಾನಿಯ ಕ್ವೀನ್ಸ್ ಪಾರ್ಕ್ ಓವಲ್‌ಗೂ ಹೋಗಿ. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದದ್ದು ಅಲ್ಲಿಯೇ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅಂದು 112 ಹೊಡೆದರು.

ಸಂಜೆ ಕರೋನಿಯ ಕಾಂಡ್ಲಾ ಕಾಡಿಗೆ ದೋಣಿಯಲ್ಲಿ ಹೋದರೆ ಕಡುಗೆಂಪು ಐಬಿಸ್ ಹಕ್ಕಿಗಳು ಗೂಡಿಗೆ ಮರಳುವುದು ಕಾಣುತ್ತದೆ. ಲಾ ಬ್ರೆಯಾದ ಡಾಂಬರು ಕೆರೆಯ ಮೇಲೆ ನಡೆಯಬಹುದು. ತಿನ್ನಲು ಬೀದಿಬದಿಯ ಡಬಲ್ಸ್: ಮೆತ್ತನೆಯ ಎರಡು ಬಾರಾ ರೊಟ್ಟಿ, ನಡುವೆ ಕಡಲೆ ಪಲ್ಯ.

ಟೊಬಾಗೋದವರಿಗೆ ಒಂದು ಹಳೆಯ ಕೊರಗು. ಸಕ್ಕರೆ ವ್ಯಾಪಾರ ಮುರಿದುಬಿದ್ದ ಮೇಲೆ, 1889ರಲ್ಲಿ, ಬ್ರಿಟಿಷರು ಅವರನ್ನು ಟ್ರಿನಿಡಾಡ್‌ಗೆ ಗಂಟುಹಾಕಿದರು. ಅಂದಿನಿಂದ ತಾವು ಬಾಲಂಗೋಚಿ ಎಂಬ ನೋವು ಅವರದು, ಅದರಲ್ಲಿ ನ್ಯಾಯವಿದೆ. ಕಡಲತೀರ ಬಿಟ್ಟರೆ ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬುಕ್ಕೂ ಹವಳದಿಬ್ಬಕ್ಕೆ ಗಾಜಿನ ತಳದ ದೋಣಿಯಲ್ಲಿ ಹೋಗಿ, ಹವಳದ ಮೇಲೆ ಮಾತ್ರ ಕಾಲಿಡಬೇಡಿ. ಆಮೇಲೆ ಮೇನ್ ರಿಜ್ ಕಾಡಿಗೆ ನಡೆಯಿರಿ. ಮರ ಉಳಿದರೆ ಮಳೆ ಉಳಿಯುತ್ತದೆ ಎಂದು ಸೋಮ್ ಜೆನಿನ್ಸ್ ಎಂಬ ಬ್ರಿಟಿಷ್ ಸಂಸದ ವರ್ಷಗಟ್ಟಲೆ ವಾದಿಸಿ, 1776ರಲ್ಲಿ ಕಾನೂನಿನಿಂದ ಕಾಪಾಡಿಸಿದ ಕಾಡು ಅದು. ಪಶ್ಚಿಮ ಗೋಳಾರ್ಧದಲ್ಲಿ ಇಂಥ ರಕ್ಷಿತ ಕಾಡುಗಳಲ್ಲೆಲ್ಲ ಹಳೆಯದು. 1963ರ ಫ್ಲೋರಾ ಚಂಡಮಾರುತ ಅದನ್ನು ಮಲಗಿಸಿಬಿಟ್ಟಿತ್ತು; ಈಗ ಕಾಣುವ ಎತ್ತರದ ಮರಗಳಲ್ಲಿ ಬಹಳಷ್ಟು ಆಮೇಲೆ ಬೆಳೆದವು. ಗಿಲ್ಪಿನ್ ಟ್ರೇಸ್ ಹಾದಿಯಲ್ಲಿ ಕೆಸರು ಜಾಸ್ತಿ. ಹಾದಿಯ ಬಾಯಲ್ಲೇ ರಬ್ಬರ್ ಬೂಟು ಬಾಡಿಗೆಗೆ ಸಿಗುತ್ತದೆ. ಊರಿನ ಮಾರ್ಗದರ್ಶಿಯನ್ನು ಕರೆದುಕೊಂಡೇ ಹೋಗಿ, ಯಾವ ಮರ ಫ್ಲೋರಾಕ್ಕಿಂತ ಹಳೆಯದು ಎಂದು ಅವರನ್ನೇ ಕೇಳಿ.