ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ವಿಷಯದ ಮೌಲ್ಯಮಾಪನ ಮತ್ತು ಶ್ರೇಣಿ ನಿರ್ಧಾರ: ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಕರ್ನಾಟಕ ರಾಜ್ಯ ಪಠ್ಯಕ್ರಮವನ್ನು ಅನುಸರಿಸುವ ಪ್ರೌಢಶಾಲೆಗಳಲ್ಲಿ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳ ಇಂಗ್ಲಿಷ್ ಭಾಷಾ ಕಲಿಕೆಯನ್ನು ಯಾವ ವಿಧಾನದಲ್ಲಿ ಅಳೆಯಲಾಗುತ್ತದೆ, ಅಂಕಗಳು ಹೇಗೆ ದೊರೆಯುತ್ತವೆ, ಅಂಕಗಳನ್ನು ಶ್ರೇಣಿಗಳಾಗಿ ಹೇಗೆ ಪರಿವರ್ತಿಸಲಾಗುತ್ತದೆ ಹಾಗೂ ಅಂಕಗಳ ಬಗ್ಗೆ ಸಂಶಯವಿದ್ದಲ್ಲಿ ಯಾರಿಗೆ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ. ಈ ಮಾಹಿತಿಯು 8, 9 ಮತ್ತು 10ನೇ ತರಗತಿಗಳ ಶಾಲಾ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾಗಿರುತ್ತದೆ.

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ನಂತರ ಅನೇಕ ಪೋಷಕರು ಉತ್ತರ ಪತ್ರಿಕೆಯ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸುತ್ತಾರೆ. ಆದರೆ ಇಂಗ್ಲಿಷ್ ವಿಷಯದ ಅಂಕಗಳಲ್ಲಿ ಐದನೆಯ ಒಂದು ಭಾಗವು ಉತ್ತರ ಪತ್ರಿಕೆಯಿಂದ ಬರುವುದಿಲ್ಲ. ಆ ಭಾಗವು ವರ್ಷವಿಡೀ ತರಗತಿಯಲ್ಲಿ ನಡೆದ ಕಲಿಕೆಯಿಂದ ಬರುತ್ತದೆ. ಅದನ್ನು ಪರಿಶೀಲಿಸಿಕೊಳ್ಳುವ ಕಾಲ ಫಲಿತಾಂಶದ ನಂತರವಲ್ಲ, ಶಾಲಾ ವರ್ಷದ ಅವಧಿಯಲ್ಲಿಯೇ ಎಂಬುದನ್ನು ಪೋಷಕರು ಮುಖ್ಯವಾಗಿ ಗಮನಿಸಬೇಕು.

1. ಪಠ್ಯಕ್ರಮದಲ್ಲಿ ಇಂಗ್ಲಿಷ್ ವಿಷಯದ ಸ್ಥಾನ

ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಯು ಪ್ರಥಮ, ದ್ವಿತೀಯ ಹಾಗೂ ತೃತೀಯ ಭಾಷೆಗಳನ್ನು ಅಭ್ಯಾಸ ಮಾಡುತ್ತಾನೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಸಾಮಾನ್ಯವಾಗಿ ಕನ್ನಡವು ಪ್ರಥಮ ಭಾಷೆಯೂ ಇಂಗ್ಲಿಷ್ ದ್ವಿತೀಯ ಭಾಷೆಯೂ ಆಗಿರುತ್ತವೆ. ಆಂಗ್ಲ ಮಾಧ್ಯಮದ ಅನೇಕ ಶಾಲೆಗಳಲ್ಲಿ ಇಂಗ್ಲಿಷ್ ಪ್ರಥಮ ಭಾಷೆಯಾಗಿರುತ್ತದೆ. ಈ ಎರಡಕ್ಕೂ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ ಹಾಗೂ ಗರಿಷ್ಠ ಅಂಕಗಳು ಬೇರೆ ಬೇರೆ. ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಭ್ಯಾಸಕ್ಕಾಗಿ ಪಡೆಯುವಾಗ ಅವು ಪ್ರಥಮ ಭಾಷೆಯವೋ ದ್ವಿತೀಯ ಭಾಷೆಯವೋ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

2. ಮೌಲ್ಯಮಾಪನದ ಹಿನ್ನೆಲೆ

ಹಿಂದೆ ವರ್ಷಾಂತ್ಯದ ಒಂದೇ ಲಿಖಿತ ಪರೀಕ್ಷೆಯಿಂದ ವಿದ್ಯಾರ್ಥಿಯ ಸಾಮರ್ಥ್ಯವನ್ನು ನಿರ್ಧರಿಸುವ ಪದ್ಧತಿ ಪ್ರಬಲವಾಗಿತ್ತು. ಒಂದು ಭಾಷೆಯನ್ನು ಕೇಳಿ ಅರ್ಥ ಮಾಡಿಕೊಳ್ಳುವ ಮತ್ತು ಮಾತನಾಡುವ ಸಾಮರ್ಥ್ಯವನ್ನು ಲಿಖಿತ ಪರೀಕ್ಷೆಯಿಂದ ಅಳೆಯಲು ಸಾಧ್ಯವಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು-2005 ಪರೀಕ್ಷಾ ಸುಧಾರಣೆಯ ಅಗತ್ಯವನ್ನು ಒತ್ತಿ ಹೇಳಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 29ನೇ ಪ್ರಕರಣವು ಪ್ರಾಥಮಿಕ ಶಿಕ್ಷಣದ ಹಂತದಲ್ಲಿ, ಅಂದರೆ 8ನೇ ತರಗತಿಯವರೆಗೆ, ಮಗುವಿನ ತಿಳಿವಳಿಕೆಯ ಹಾಗೂ ಅದನ್ನು ಬಳಸುವ ಸಾಮರ್ಥ್ಯದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸುತ್ತದೆ. ರಾಜ್ಯದಲ್ಲಿ 10ನೇ ತರಗತಿಗೆ ಈ ಪದ್ಧತಿಯನ್ನು 2014-15ನೇ ಸಾಲಿನಿಂದ ವಿಸ್ತರಿಸಲಾಯಿತು.

3. ತರಗತಿಯಲ್ಲಿ ನಡೆಯುವ ಮೌಲ್ಯಮಾಪನ

ಶಾಲಾ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳನ್ನು, ಮೊದಲ ಅವಧಿಯಲ್ಲಿ ಎರಡು ಹಾಗೂ ಎರಡನೆಯ ಅವಧಿಯಲ್ಲಿ ಎರಡರಂತೆ, ನಡೆಸಲಾಗುತ್ತದೆ. ಕಲಿಕೆ ನಡೆಯುತ್ತಿರುವಾಗಲೇ ಕೊರತೆಯನ್ನು ಗುರುತಿಸಿ ಸರಿಪಡಿಸುವುದು ಇದರ ಉದ್ದೇಶ. ಅವಧಿಯ ಕೊನೆಯಲ್ಲಿ ಆವರೆಗಿನ ಒಟ್ಟು ಕಲಿಕೆಯನ್ನು ಅಳೆಯುವ ಪರೀಕ್ಷೆಯನ್ನು ಸಂಕಲನಾತ್ಮಕ ಮೌಲ್ಯಮಾಪನವೆಂದು ಕರೆಯಲಾಗುತ್ತದೆ.

ರೂಪಣಾತ್ಮಕ ಮೌಲ್ಯಮಾಪನವು ಚಟುವಟಿಕೆಗಳು ಹಾಗೂ ಕಿರುಪರೀಕ್ಷೆಗಳನ್ನು ಒಳಗೊಂಡಿರುತ್ತದೆ. ಇಂಗ್ಲಿಷ್ ವಿಷಯದಲ್ಲಿ ನಾಲ್ಕು ಕೌಶಲಗಳನ್ನು ಈ ಕೆಳಕಂಡಂತೆ ಗಮನಿಸಲಾಗುತ್ತದೆ:

ಆಲಿಸುವುದು: ಶಿಕ್ಷಕರು ಓದಿದ ಅಥವಾ ಧ್ವನಿಮುದ್ರಣದಲ್ಲಿ ಕೇಳಿಸಿದ ಭಾಗವನ್ನು ಗ್ರಹಿಸಿ ಪ್ರಶ್ನೆಗಳಿಗೆ ಉತ್ತರಿಸುವುದು.
ಮಾತನಾಡುವುದು: ಸಂಭಾಷಣೆ, ಪಾತ್ರಾಭಿನಯ, ಕವನ ವಾಚನ, ಚಿತ್ರವನ್ನು ನೋಡಿ ವಿವರಿಸುವುದು, ಚರ್ಚೆಯಲ್ಲಿ ಭಾಗವಹಿಸುವುದು.
ಓದುವುದು: ಗಟ್ಟಿಯಾಗಿ ಸ್ಪಷ್ಟವಾಗಿ ಓದುವುದು, ಪರಿಚಯವಿಲ್ಲದ ಗದ್ಯಭಾಗವನ್ನು ಮೌನವಾಗಿ ಓದಿ ಅರ್ಥ ಗ್ರಹಿಸುವುದು.
ಬರೆಯುವುದು: ಪತ್ರ, ವರದಿ, ವ್ಯಕ್ತಿಪರಿಚಯ, ಪ್ರಬಂಧ, ಕಥೆಯನ್ನು ವಿಸ್ತರಿಸುವುದು.

ಮೊದಲ ಎರಡು ಕೌಶಲಗಳಿಗೆ ಅಂಕ ದೊರೆಯುವ ಸ್ಥಳ ತರಗತಿಯೊಂದೇ. ಮನೆಯಲ್ಲಿ ಇಂಗ್ಲಿಷ್ ಕೇಳುವ ಅವಕಾಶವಿಲ್ಲದ ವಿದ್ಯಾರ್ಥಿಗೆ ಈ ಚಟುವಟಿಕೆಗಳು ಅಂಕಕ್ಕಿಂತಲೂ ಹೆಚ್ಚಾಗಿ ಅಭ್ಯಾಸದ ಅವಕಾಶಗಳಾಗಿವೆ. ಚಟುವಟಿಕೆಯನ್ನು ನೀಡುವ ಮುನ್ನ ಯಾವ ಮಾನದಂಡಗಳಿಂದ ಅಂಕ ನೀಡಲಾಗುವುದೆಂದು ವಿದ್ಯಾರ್ಥಿಗೆ ತಿಳಿದಿರಬೇಕು. ಉದಾಹರಣೆಗೆ, ಒಂದು ಸಂಭಾಷಣೆಯ ಚಟುವಟಿಕೆಯಲ್ಲಿ ವಿಷಯದ ತಿಳಿವಳಿಕೆ, ಉಚ್ಚಾರಣೆಯ ಸ್ಪಷ್ಟತೆ, ಸಂದರ್ಭಕ್ಕೆ ತಕ್ಕ ಪದಬಳಕೆ ಹಾಗೂ ಎದುರಿನವರ ಮಾತಿಗೆ ಹೊಂದುವ ಪ್ರತಿಕ್ರಿಯೆ ಮಾನದಂಡಗಳಾಗಬಹುದು. ಮೌಲ್ಯಮಾಪನದಲ್ಲಿ ಹಿಂದುಳಿದವರಿಗೆ ಪರಿಹಾರ ಬೋಧನೆಯನ್ನು ಕೈಗೊಳ್ಳಬೇಕಾಗುತ್ತದೆ.

4. 8 ಮತ್ತು 9ನೇ ತರಗತಿಗಳ ಶ್ರೇಣಿಗಳು

ಈ ತರಗತಿಗಳ ಪ್ರಗತಿಪತ್ರದಲ್ಲಿ ಐದು ಶ್ರೇಣಿಗಳನ್ನು ಬಳಸಲಾಗುತ್ತದೆ:

ಎ+ : ಶೇ. 90 ರಿಂದ 100
ಎ : ಶೇ. 70 ರಿಂದ 89
ಬಿ+ : ಶೇ. 50 ರಿಂದ 69
ಬಿ : ಶೇ. 30 ರಿಂದ 49
ಸಿ : ಶೇ. 30ಕ್ಕಿಂತ ಕಡಿಮೆ

5. ಎಸ್.ಎಸ್.ಎಲ್.ಸಿ. ಅಂಕಗಳ ಹಂಚಿಕೆ

10ನೇ ತರಗತಿಯಲ್ಲಿ ಇಂಗ್ಲಿಷ್ ವಿಷಯದ ಅಂಕಗಳು ಈ ಕೆಳಕಂಡಂತೆ ಹಂಚಿಕೆಯಾಗಿವೆ:

ಪ್ರಥಮ ಭಾಷೆಯಾಗಿದ್ದಲ್ಲಿ: ಲಿಖಿತ ಪರೀಕ್ಷೆ 100, ಆಂತರಿಕ ಮೌಲ್ಯಮಾಪನ 25, ಒಟ್ಟು 125.
ದ್ವಿತೀಯ ಭಾಷೆಯಾಗಿದ್ದಲ್ಲಿ: ಲಿಖಿತ ಪರೀಕ್ಷೆ 80, ಆಂತರಿಕ ಮೌಲ್ಯಮಾಪನ 20, ಒಟ್ಟು 100.

ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಅಂಕಗಳನ್ನು ಕೂಡಿಸಿ ಆಂತರಿಕ ಅಂಕಗಳಿಗೆ ಪರಿವರ್ತಿಸಲಾಗುತ್ತದೆ. ಉದಾಹರಣೆಗೆ, ತಲಾ 50 ಅಂಕಗಳ ನಾಲ್ಕು ಮೌಲ್ಯಮಾಪನಗಳಲ್ಲಿ ವಿದ್ಯಾರ್ಥಿನಿಯೊಬ್ಬಳು ಕ್ರಮವಾಗಿ 36, 40, 33 ಮತ್ತು 41 ಅಂಕಗಳನ್ನು ಪಡೆದಿದ್ದಲ್ಲಿ ಒಟ್ಟು 200ಕ್ಕೆ 150 ಆಗುತ್ತದೆ. ಇದನ್ನು ದ್ವಿತೀಯ ಭಾಷೆಯ 20 ಅಂಕಗಳಿಗೆ ಪರಿವರ್ತಿಸಿದಾಗ 15 ದೊರೆಯುತ್ತದೆ. ಆಕೆ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 57 ಪಡೆದರೆ ಇಂಗ್ಲಿಷ್ ವಿಷಯದ ಅಂಕ 72 ಆಗುತ್ತದೆ. ಯಾವುದೇ ಒಂದು ಮೌಲ್ಯಮಾಪನಕ್ಕೆ ಗೈರುಹಾಜರಾಗಿ ಅದರ ಅಂಕ ಸೊನ್ನೆಯಾದಲ್ಲಿ ಉಳಿದ ಮೂರರಲ್ಲಿನ ಪರಿಶ್ರಮವೂ ಕುಂದುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡನೆಯ ಮೌಲ್ಯಮಾಪನ ತಪ್ಪಿದ್ದರೆ ಆಕೆಯ ಆಂತರಿಕ ಅಂಕ 15ರ ಬದಲು 11 ಆಗುತ್ತಿತ್ತು.

6. ಲಿಖಿತ ಪರೀಕ್ಷೆ

ಲಿಖಿತ ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ನಡೆಸುತ್ತದೆ. 2022ರಲ್ಲಿ ಅಸ್ತಿತ್ವಕ್ಕೆ ಬಂದ ಈ ಮಂಡಳಿಯು ಹಿಂದಿನ ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯ ಕಾರ್ಯಗಳನ್ನು ನಿರ್ವಹಿಸುತ್ತಿದೆ. ಪ್ರಶ್ನೆಪತ್ರಿಕೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳು, ವ್ಯಾಕರಣ ಮತ್ತು ಪದಸಂಪತ್ತಿನ ಪ್ರಶ್ನೆಗಳು, ಗದ್ಯ ಹಾಗೂ ಪದ್ಯಪಾಠಗಳನ್ನು ಆಧರಿಸಿದ ಕಿರು ಮತ್ತು ದೀರ್ಘ ಉತ್ತರದ ಪ್ರಶ್ನೆಗಳು, ಗದ್ಯಭಾಗದ ಗ್ರಹಿಕೆ, ಪತ್ರಲೇಖನ ಹಾಗೂ ಪ್ರಬಂಧ ಇರುತ್ತವೆ.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯಾದ ಉತ್ತರವನ್ನು ಅದರ ಕ್ರಮಾಕ್ಷರದೊಡನೆ ಪೂರ್ಣವಾಗಿ ಬರೆಯಬೇಕೆಂಬ ಸೂಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪತ್ರಲೇಖನದಲ್ಲಿ ವಿಳಾಸ, ದಿನಾಂಕ, ಸಂಬೋಧನೆ ಮುಂತಾದ ಸ್ವರೂಪಕ್ಕೂ ವಿಷಯ ಹಾಗೂ ಭಾಷೆಗೂ ಗಮನ ನೀಡಲಾಗುತ್ತದೆ. ಆದ್ದರಿಂದ ಪತ್ರವನ್ನು ಪೂರ್ಣಗೊಳಿಸಲಾಗದಿದ್ದರೂ ಪ್ರಶ್ನೆಯನ್ನು ಬಿಟ್ಟುಬಿಡುವುದು ಸೂಕ್ತವಲ್ಲ.

ಪರೀಕ್ಷೆಯ ನಂತರ ಮಂಡಳಿಯು ಮಾದರಿ ಉತ್ತರಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಉತ್ತರ ಪತ್ರಿಕೆಗಳನ್ನು ಮೌಲ್ಯಮಾಪನ ಕೇಂದ್ರಗಳಲ್ಲಿ ವಿಷಯ ಶಿಕ್ಷಕರು ಪರಿಶೀಲಿಸುತ್ತಾರೆ.

2023-24ನೇ ಸಾಲಿನಿಂದ ವಾರ್ಷಿಕ ಹಾಗೂ ಪೂರಕ ಪರೀಕ್ಷೆಗಳ ಬದಲಿಗೆ ಪರೀಕ್ಷೆ-1, ಪರೀಕ್ಷೆ-2 ಮತ್ತು ಪರೀಕ್ಷೆ-3 ಎಂಬ ಮೂರು ಅವಕಾಶಗಳ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಇದರಲ್ಲಿ ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಪರೀಕ್ಷೆ ಬರೆಯಬಹುದಾಗಿದ್ದು, ಉತ್ತಮ ಅಂಕಗಳನ್ನು ಉಳಿಸಿಕೊಳ್ಳಬಹುದು. ಮರಳಿ ಬರೆಯುವುದು ಲಿಖಿತ ಪರೀಕ್ಷೆಯನ್ನು ಮಾತ್ರ. ಶಾಲೆಯು ಸಲ್ಲಿಸಿದ ಆಂತರಿಕ ಅಂಕಗಳು ಹಾಗೆಯೇ ಉಳಿಯುತ್ತವೆ.

7. ತೇರ್ಗಡೆ ಮತ್ತು ಶ್ರೇಣಿ

2025ರ ಪರೀಕ್ಷೆಗಳವರೆಗೆ ತೇರ್ಗಡೆಗೆ ಸಾಮಾನ್ಯವಾಗಿ ಶೇ. 35 ಅಂಕಗಳ ನಿಯಮವಿದ್ದು, 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಕನಿಷ್ಠ 28 ಅಂಕ ಪಡೆಯಬೇಕಾಗಿತ್ತು. 2025ರ ಅಕ್ಟೋಬರ್ ತಿಂಗಳಿನಲ್ಲಿ ಸರ್ಕಾರವು ಪ್ರಕಟಿಸಿದ ನಿರ್ಧಾರದಂತೆ, 2025-26ನೇ ಸಾಲಿನಿಂದ ಆಂತರಿಕ ಮತ್ತು ಲಿಖಿತ ಅಂಕಗಳು ಸೇರಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಹಾಗೂ ಒಟ್ಟಾರೆ ಕನಿಷ್ಠ ಶೇ. 33 ಅಂಕಗಳನ್ನು ತೇರ್ಗಡೆಗೆ ನಿಗದಿಪಡಿಸಲಾಯಿತು. ಇದರಿಂದ ತರಗತಿಯಲ್ಲಿ ಗಳಿಸಿದ ಅಂಕಗಳ ಮಹತ್ವ ಮತ್ತಷ್ಟು ಹೆಚ್ಚಿದೆ.

ಎಸ್.ಎಸ್.ಎಲ್.ಸಿ. ಶ್ರೇಣಿಯನ್ನು ಒಟ್ಟು ಅಂಕಗಳ ಶೇಕಡಾವಾರು ಆಧಾರದ ಮೇಲೆ ಈ ರೀತಿ ನಿರ್ಧರಿಸಲಾಗುತ್ತದೆ:

ಎ+ : ಶೇ. 90 ಮತ್ತು ಮೇಲ್ಪಟ್ಟು
ಎ : ಶೇ. 80 ರಿಂದ 90ಕ್ಕಿಂತ ಕಡಿಮೆ
ಬಿ+ : ಶೇ. 70 ರಿಂದ 80ಕ್ಕಿಂತ ಕಡಿಮೆ
ಬಿ : ಶೇ. 60 ರಿಂದ 70ಕ್ಕಿಂತ ಕಡಿಮೆ
ಸಿ+ : ಶೇ. 50 ರಿಂದ 60ಕ್ಕಿಂತ ಕಡಿಮೆ
ಸಿ : ತೇರ್ಗಡೆಯ ಕನಿಷ್ಠ ಅಂಕದಿಂದ ಶೇ. 50ಕ್ಕಿಂತ ಕಡಿಮೆ

ಈ ಪಟ್ಟಿಯು 8 ಮತ್ತು 9ನೇ ತರಗತಿಗಳ ಪಟ್ಟಿಗಿಂತ ಭಿನ್ನವಾಗಿದೆ. 9ನೇ ತರಗತಿಯಲ್ಲಿ ಶೇ. 72 ಅಂಕಗಳಿಗೆ ‘ಎ’ ಶ್ರೇಣಿ ದೊರೆತರೆ, 10ನೇ ತರಗತಿಯಲ್ಲಿ ಅದೇ ಶೇ. 72ಕ್ಕೆ ‘ಬಿ+’ ದೊರೆಯುತ್ತದೆ. ಆದ್ದರಿಂದ ಶ್ರೇಣಿ ಕೆಳಗಿಳಿದಂತೆ ಕಂಡ ಮಾತ್ರಕ್ಕೆ ಮಗು ಹಿಂದುಳಿದಿದೆ ಎಂದು ಪೋಷಕರು ಭಾವಿಸಬಾರದು. ಶ್ರೇಣಿಯೊಡನೆ ಅಂಕಗಳನ್ನೂ ಹೋಲಿಸಿ ನೋಡಬೇಕು.

8. ಅಂಕಗಳ ಬಗ್ಗೆ ಸಂಶಯವಿದ್ದಲ್ಲಿ

(ಅ) ಲಿಖಿತ ಪರೀಕ್ಷೆ: ಫಲಿತಾಂಶ ಪ್ರಕಟವಾದ ನಂತರ ಮಂಡಳಿಯು ತಿಳಿಸುವ ಅವಧಿಯೊಳಗೆ, ನಿಗದಿತ ಶುಲ್ಕದೊಂದಿಗೆ ಆನ್‌ಲೈನ್ ಮೂಲಕ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಸಲ್ಲಿಸಬಹುದು. ಪ್ರತಿಯನ್ನು ಪಡೆದ ನಂತರ ಅಂಕಗಳ ಮರುಎಣಿಕೆಗೆ ಅಥವಾ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಪ್ರತಿಯನ್ನು ಮಾದರಿ ಉತ್ತರಗಳೊಡನೆ ವಿಷಯ ಶಿಕ್ಷಕರ ನೆರವಿನಿಂದ ಹೋಲಿಸಿ ನೋಡಿದ ನಂತರವೇ ಮುಂದಿನ ಅರ್ಜಿ ಸಲ್ಲಿಸುವುದು ಸೂಕ್ತ. ಪರೀಕ್ಷಾರ್ಥಿಯು ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಪರಿಶೀಲಿಸಲು ಹಕ್ಕುಳ್ಳವನೆಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ.

(ಆ) ಆಂತರಿಕ ಅಂಕಗಳು: ಮರುಮೌಲ್ಯಮಾಪನವು ಉತ್ತರ ಪತ್ರಿಕೆಗೆ ಮಾತ್ರ ಅನ್ವಯಿಸುತ್ತದೆ. ತರಗತಿಯಲ್ಲಿ ಎರಡು ನಿಮಿಷ ಮಾತನಾಡಿದುದನ್ನು ಮತ್ತೊಮ್ಮೆ ಅಳೆಯುವುದು ಫಲಿತಾಂಶದ ನಂತರ ಸಾಧ್ಯವಾಗದು. ಆದುದರಿಂದ ಪ್ರತಿ ರೂಪಣಾತ್ಮಕ ಮೌಲ್ಯಮಾಪನದ ನಂತರ ಅಂಕಗಳನ್ನು ವಿಚಾರಿಸಿ, ವ್ಯತ್ಯಾಸವಿದ್ದಲ್ಲಿ ಮೊದಲು ವಿಷಯ ಶಿಕ್ಷಕರ, ನಂತರ ಮುಖ್ಯ ಶಿಕ್ಷಕರ ಗಮನಕ್ಕೆ ತರಬೇಕು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದು. ಶಾಲೆಯು ಅಂಕಗಳನ್ನು ಮಂಡಳಿಗೆ ಸಲ್ಲಿಸುವ ಮುನ್ನವೇ ಈ ಕ್ರಮ ಕೈಗೊಳ್ಳುವುದು ಅತ್ಯವಶ್ಯಕ.

9. ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳು

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 17ನೇ ಪ್ರಕರಣವು ಪಠ್ಯಕ್ರಮ ಹಾಗೂ ಪರೀಕ್ಷಾ ಪದ್ಧತಿಯಲ್ಲಿ ಸೂಕ್ತ ಮಾರ್ಪಾಡುಗಳಿಗೆ ಅವಕಾಶ ಕಲ್ಪಿಸಿದೆ. ಹೆಚ್ಚುವರಿ ಸಮಯ, ಉತ್ತರ ಬರೆಯಲು ಲಿಪಿಕಾರರ ಸಹಾಯ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವು ಅದರಲ್ಲಿ ಉಲ್ಲೇಖಿತವಾಗಿವೆ. ಕಲಿಕಾ ನ್ಯೂನತೆಯುಳ್ಳ ಮಗುವಿಗೆ ಇಂಗ್ಲಿಷ್ ಕಾಗುಣಿತವು ವಿಶೇಷ ತೊಡಕಾಗಬಹುದು. ಅಂತಹ ಸಂದರ್ಭದಲ್ಲಿ ಪೋಷಕರು ಪರೀಕ್ಷೆಯ ಸಮಯದವರೆಗೆ ಕಾಯದೆ, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

10. ಪೋಷಕರು ಗಮನಿಸಬೇಕಾದ ಅಂಶಗಳು

(1) ಇಂಗ್ಲಿಷ್ ಪ್ರಥಮ ಭಾಷೆಯೋ ದ್ವಿತೀಯ ಭಾಷೆಯೋ ಎಂಬುದನ್ನು ವರ್ಷಾರಂಭದಲ್ಲಿ ಖಚಿತಪಡಿಸಿಕೊಳ್ಳುವುದು.
(2) ನಾಲ್ಕೂ ರೂಪಣಾತ್ಮಕ ಮೌಲ್ಯಮಾಪನಗಳ ಅಂಕಗಳನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು.
(3) ಚಟುವಟಿಕೆ ಹಾಳೆಗಳು, ಕಿರುಪರೀಕ್ಷೆಯ ಉತ್ತರಗಳು ಹಾಗೂ ಯೋಜನಾ ವರದಿಗಳನ್ನು ವರ್ಷಾಂತ್ಯದವರೆಗೆ ಜೋಪಾನವಾಗಿಡುವುದು.
(4) ಅನಾರೋಗ್ಯದಿಂದ ಗೈರುಹಾಜರಾದಲ್ಲಿ ಕೂಡಲೇ ಶಾಲೆಗೆ ಲಿಖಿತವಾಗಿ ತಿಳಿಸಿ, ಬದಲಿ ಅವಕಾಶವನ್ನು ಕೋರುವುದು.
(5) ಪೋಷಕರ ಸಭೆಯಲ್ಲಿ ಅಂಕವನ್ನಷ್ಟೇ ಅಲ್ಲದೆ, ಮಗು ಯಾವ ಕೌಶಲದಲ್ಲಿ ಹಿಂದಿದೆ ಎಂಬುದನ್ನೂ ಕೇಳಿ ತಿಳಿಯುವುದು. ಪೋಷಕರಿಗೆ ಇಂಗ್ಲಿಷ್ ಬಾರದಿರುವುದು ಇದಕ್ಕೆ ಅಡ್ಡಿಯಲ್ಲ. ಶಿಕ್ಷಕರಿಂದ ವಿವರಣೆಯನ್ನು ಕನ್ನಡದಲ್ಲಿಯೇ ಪಡೆಯಬಹುದು.

ಅರ್ಜಿಯ ಕೊನೆಯ ದಿನಾಂಕ ಹಾಗೂ ಶುಲ್ಕಗಳನ್ನು ಮಂಡಳಿಯು ಪ್ರತಿ ಪರೀಕ್ಷೆಯ ಸಂದರ್ಭದಲ್ಲಿ ಪ್ರಕಟಿಸುತ್ತದೆ. ಈ ಬಗ್ಗೆ ಆಯಾ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.