ನಿಧಾನಗತಿಯ ನಿಸ್ತಂತು ಸಂಪರ್ಕದಲ್ಲಿ ತೋಟದ ದತ್ತಾಂಶ ರವಾನೆ: ಬೆಂಗಳೂರು ಹೊರವಲಯದ ರೈತರಿಗೆ ಸಲಹೆಗಳು

ಪೀಠಿಕೆ

ಆನೇಕಲ್, ಸರ್ಜಾಪುರ, ಹೊಸಕೋಟೆ ಭಾಗಗಳಲ್ಲಿ ಪಾಲಿಹೌಸ್‌ನಲ್ಲಿ ಗುಲಾಬಿ, ದೊಣ್ಣೆ ಮೆಣಸಿನಕಾಯಿ ಬೆಳೆಯುವ ರೈತರು ಮಣ್ಣಿನ ತೇವಾಂಶ ಸಂವೇದಕಗಳನ್ನೂ ಮೊಬೈಲ್‌ನಿಂದ ನಿಯಂತ್ರಿಸುವ ರಸಾವರಿ ಘಟಕಗಳನ್ನೂ ಅಳವಡಿಸಿಕೊಳ್ಳುತ್ತಿದ್ದಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಫೈಬರ್ ಸಂಪರ್ಕವಿದ್ದರೂ, ಅಲ್ಲಿಂದ ದೂರವಿಲ್ಲದ ತೋಟವೊಂದು ದುರ್ಬಲ ಮೊಬೈಲ್ ಸಿಗ್ನಲ್ ಅಥವಾ ಉಪಗ್ರಹ ಸಂಪರ್ಕವನ್ನೇ ನೆಚ್ಚಬೇಕಾಗಬಹುದು. ವಾಲ್ವ್ ಮುಚ್ಚುವ ಆದೇಶ ತಡವಾದರೆ ಗೊಬ್ಬರದ ದ್ರಾವಣ ಹರಿಯುತ್ತಲೇ ಇರುತ್ತದೆ. ಬೇರಿನ ವಲಯದಲ್ಲಿ ಲವಣಾಂಶ ಹೆಚ್ಚಿ ಬೆಳೆ ಹಾನಿಗೊಳಗಾಗುತ್ತದೆ.

ಇದು ಈ ಪ್ರದೇಶಕ್ಕೆ ಹೊಸ ಸಮಸ್ಯೆಯಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ವಿದೇಶದೊಡನೆ ದತ್ತಾಂಶ ವಿನಿಮಯಕ್ಕೆ ಉಪಗ್ರಹ ಸಂಪರ್ಕವನ್ನೇ ಅವಲಂಬಿಸಿತ್ತು. ಕಿರಿದಾದ, ವಿಳಂಬದ ಸಂಪರ್ಕವನ್ನು ಮಿತವಾಗಿ ಬಳಸುವ ಕ್ರಮ ಇಂದು ತೋಟಕ್ಕೂ ಅನ್ವಯಿಸುತ್ತದೆ.

ವೇಗ ಕುಗ್ಗಲು ಕಾರಣ

ಒಂದು ಬುಟ್ಟಿ ಹೂವನ್ನು ಮಾರುಕಟ್ಟೆಗೆ ಕಳುಹಿಸಿ, ರಸೀದಿ ಬಂದ ನಂತರವೇ ಎರಡನೆಯ ಬುಟ್ಟಿ ಕಳುಹಿಸುವುದಾದರೆ ರಸ್ತೆ ಎಷ್ಟೇ ಅಗಲವಿದ್ದರೂ ಪ್ರಯೋಜನವಿಲ್ಲ. ಅಂತರ್ಜಾಲದಲ್ಲಿಯೂ ಸ್ವೀಕೃತಿ ಬರುವ ಮೊದಲು ಕಳುಹಿಸಬಹುದಾದ ದತ್ತಾಂಶಕ್ಕೆ ಮಿತಿಯಿದೆ. ಇದನ್ನು ವಿಂಡೋ ಎನ್ನುತ್ತಾರೆ.

ಭೂಸ್ಥಿರ ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಸಂದೇಶ ಹೋಗಿ ಉತ್ತರ ಬರಲು ಸುಮಾರು 0.6 ಸೆಕೆಂಡು ಬೇಕು. ವಿಂಡೋ 64 ಕಿಲೋಬೈಟ್ ಇದ್ದರೆ, 10 ಮೆಗಾಬಿಟ್ ಸಂಪರ್ಕದಲ್ಲಿಯೂ ಒಂದು ಜೋಡಣೆಗೆ ಸೆಕೆಂಡಿಗೆ 0.9 ಮೆಗಾಬಿಟ್‌ಗಿಂತ ಹೆಚ್ಚು ದೊರೆಯದು. ಪೂರ್ಣ ಬಳಕೆಗೆ ಸುಮಾರು 750 ಕಿಲೋಬೈಟ್ ವಿಂಡೋ ಅಗತ್ಯ. ಇದಲ್ಲದೆ, ಸಿಗ್ನಲ್ ದೋಷದಿಂದ ದತ್ತಾಂಶ ನಷ್ಟವಾದಾಗ ಹಳೆಯ ಕ್ರಮದ ತಂತ್ರಾಂಶಗಳು ಅದನ್ನು ದಟ್ಟಣೆಯೆಂದು ಭಾವಿಸಿ ವೇಗವನ್ನು ಮತ್ತಷ್ಟು ತಗ್ಗಿಸುತ್ತವೆ.

ಅನುಸರಿಸಬೇಕಾದ ಕ್ರಮಗಳು

1. ಒಟ್ಟುಗೂಡಿಸಿ ಕಳುಹಿಸಿ: ಪ್ರತಿ ಓದಿಗೂ ಹೊಸ ಸುರಕ್ಷಿತ ಜೋಡಣೆ ತೆರೆದರೆ ನಾಲ್ಕು ಸುತ್ತಿನವರೆಗೆ ಸಂದೇಶ ವಿನಿಮಯವಾಗುತ್ತದೆ. 0.6 ಸೆಕೆಂಡು ವಿಳಂಬದಲ್ಲಿ, ಐದು ನಿಮಿಷಕ್ಕೊಂದರಂತೆ ಗಂಟೆಯ 12 ಓದುಗಳಿಗೆ ಸುಮಾರು 29 ಸೆಕೆಂಡು ಕಾಯಬೇಕು. ಒಟ್ಟಿಗೆ ಕಳುಹಿಸಿದರೆ 2.4 ಸೆಕೆಂಡು ಸಾಕು.

2. ಅಗತ್ಯವಿರುವಷ್ಟೇ ಅಳೆಯಿರಿ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳೇ 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ನಿಧಾನವಾಗಿ ಬದಲಾಗುವ ಮಣ್ಣಿನ ತೇವಾಂಶವನ್ನು ನಿಮಿಷಕ್ಕೊಮ್ಮೆ ಕಳುಹಿಸುವ ಅಗತ್ಯವಿಲ್ಲ.

3. ಜೋಡಣೆಯನ್ನು ತೆರೆದಿಡಿ: ಎಂಕ್ಯೂಟಿಟಿ ಕ್ರಮವನ್ನು 1999ರಲ್ಲಿ ತೈಲ ಕೊಳವೆಮಾರ್ಗಗಳ ಉಪಗ್ರಹ ಸಂಪರ್ಕಕ್ಕಾಗಿಯೇ ರೂಪಿಸಲಾಯಿತು. ಈ ಸೌಲಭ್ಯವಿರುವ ನಿಯಂತ್ರಕವನ್ನೇ ಆಯ್ಕೆ ಮಾಡಿ.

4. ತೋಟದಲ್ಲಿಯೇ ಸಂಗ್ರಹಿಸಿ: ಸಂಪರ್ಕ ಕಡಿದಾಗ ದತ್ತಾಂಶವು ಗೇಟ್‌ವೇಯಲ್ಲಿ ಉಳಿದು, ಮರಳಿ ಬಂದಾಗ ರವಾನೆಯಾಗುವಂತಿರಬೇಕು. ಚಿತ್ರಗಳನ್ನು ಕುಗ್ಗಿಸಿ, ತುರ್ತು ಸಂದೇಶಗಳ ನಂತರ ಕಳುಹಿಸಿ.

5. ಆಂಟೆನಾ ಸ್ಥಾನ ಸರಿಪಡಿಸಿ: ಪಾಲಿಹೌಸ್‌ನ ಉಕ್ಕಿನ ಚೌಕಟ್ಟು ಮತ್ತು ನೆರೆಯ ಕಾರ್ಖಾನೆಗಳ ತಗಡಿನ ಷೆಡ್‌ಗಳು ಸಿಗ್ನಲ್‌ಗೆ ಅಡ್ಡಿ. ಆಂಟೆನಾವನ್ನು ಛಾವಣಿಗಿಂತ ಎತ್ತರದಲ್ಲಿ, ಟವರ್ ಕಡೆಗೆ ತೆರೆದ ಜಾಗದಲ್ಲಿ ಅಳವಡಿಸಿ.

6. ವಿಂಡೋ ವಿಸ್ತರಣೆ ಪರಿಶೀಲಿಸಿ: ಉಪಗ್ರಹ ಸಂಪರ್ಕ ಪಡೆಯುವಾಗ, ಮೋಡೆಮ್ ಮತ್ತು ಗೇಟ್‌ವೇಯಲ್ಲಿ ವಿಂಡೋ ವಿಸ್ತರಣೆ ಚಾಲನೆಯಲ್ಲಿದೆಯೇ ಎಂದು ಸರಬರಾಜುದಾರರನ್ನು ಕೇಳಿ. ಕೊಳ್ಳುವ ಮೊದಲು ವೇಗದೊಡನೆ ವಿಳಂಬವನ್ನೂ ತೋಟದಲ್ಲಿಯೇ ಪರೀಕ್ಷಿಸಿ.

ಎಚ್ಚರಿಕೆ

ಮೇಲಿನ ಕ್ರಮಗಳಿಂದ ರವಾನೆ ಸುಧಾರಿಸುತ್ತದೆಯೇ ಹೊರತು ವಿಳಂಬ ಸಂಪೂರ್ಣ ನಿವಾರಣೆಯಾಗದು. ಆದ್ದರಿಂದ ವಾಲ್ವ್ ಮುಚ್ಚುವ ಜವಾಬ್ದಾರಿಯನ್ನು ಅಂತರ್ಜಾಲಕ್ಕೆ ಒಪ್ಪಿಸಬಾರದು. "ವಾಲ್ವ್ ತೆರೆ" ಎನ್ನುವ ಬದಲು "20 ನಿಮಿಷ ತೆರೆದು ಮುಚ್ಚು" ಎಂಬ ಪೂರ್ಣ ಆದೇಶವನ್ನು ಕಳುಹಿಸಿ, ಅವಧಿಯನ್ನು ತೋಟದಲ್ಲಿರುವ ನಿಯಂತ್ರಕವೇ ಲೆಕ್ಕ ಹಾಕುವಂತಿರಲಿ. ಸ್ವೀಕೃತಿ ತಡವಾದಾಗ ಅದೇ ಆದೇಶ ಎರಡು ಬಾರಿ ತಲುಪುವ ಸಾಧ್ಯತೆಯಿದೆ. ಪ್ರತಿ ಆದೇಶಕ್ಕೂ ಕ್ರಮಸಂಖ್ಯೆಯಿದ್ದು, ಒಮ್ಮೆ ಪಾಲಿಸಿದ ಸಂಖ್ಯೆಯನ್ನು ನಿಯಂತ್ರಕ ತಿರಸ್ಕರಿಸಿದರೆ ಗೊಬ್ಬರ ಎರಡು ಸಲ ಹರಿಯುವುದನ್ನು ತಪ್ಪಿಸಬಹುದು. ಕೈಯಿಂದ ಮುಚ್ಚುವ ವಾಲ್ವ್ ಸಹ ಸುಸ್ಥಿತಿಯಲ್ಲಿರಲಿ.

ಬೆಳೆವಾರು ರಸಾವರಿ ಪ್ರಮಾಣ ಮತ್ತು ಅವಧಿಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.