ಪ್ರಾಚೀನ ಅಶ್ವಶಿಕ್ಷಣದಲ್ಲಿ ವಿಶ್ವಾಸದ ಸ್ಥಾನ: ಕ್ಸೆನೊಫೋನ್ ಮತ್ತು ಕೌಟಿಲ್ಯ

ರಾಜ್ಯಗಳ ಸೈನಿಕ ಬಲವನ್ನು ಕುರಿತ ಅಧ್ಯಯನಗಳಲ್ಲಿ ಕುದುರೆಗಳ ಸಂಖ್ಯೆ, ಬೆಲೆ ಹಾಗೂ ವ್ಯಾಪಾರಮಾರ್ಗಗಳಿಗೆ ಹೆಚ್ಚಿನ ಗಮನ ದೊರೆತಿದೆ. ಕೊಂಡು ತಂದ ಕುದುರೆಯು ಸವಾರನ ಸೂಚನೆಗೆ ಒಳಪಡುವಂತಾದುದು ಹೇಗೆ ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿದಿದೆ. ಕನ್ನಡದ ‘ಪಳಗು’ ಎಂಬ ಕ್ರಿಯಾಪದಕ್ಕೆ ಅಧೀನವಾಗು ಎಂಬುದರ ಜೊತೆಗೆ ಒಡನಾಟದಿಂದ ರೂಢಿಯಾಗು ಎಂಬ ಅರ್ಥವೂ ಉಂಟು. ಈ ಎರಡನೆಯ ಅರ್ಥದಲ್ಲಿ ಅಶ್ವಶಿಕ್ಷಣವನ್ನು ಪರಿಶೀಲಿಸಲು ಗ್ರೀಕ್ ಲೇಖಕ ಕ್ಸೆನೊಫೋನನ ಅಶ್ವಾರೋಹಣ ಗ್ರಂಥವೂ ಕೌಟಿಲ್ಯನ ಅರ್ಥಶಾಸ್ತ್ರವೂ ಮಹತ್ವದ ಆಕರಗಳಾಗಿವೆ.

ಅಥೆನ್ಸಿನವನಾದ ಕ್ಸೆನೊಫೋನನು ಕ್ರಿ.ಪೂ. 4ನೆಯ ಶತಮಾನದಲ್ಲಿ ತನ್ನ ದೀರ್ಘಕಾಲದ ಸವಾರಿಯ ಅನುಭವವನ್ನು ಆಧರಿಸಿ ಈ ಗ್ರಂಥವನ್ನು ರಚಿಸಿದನು. ತನಗಿಂತ ಮೊದಲು ಇದೇ ವಿಷಯವನ್ನು ಕುರಿತು ಬರೆದಿದ್ದ ಸೈಮನ್ ಎಂಬಾತನನ್ನು ಆತ ಗೌರವದಿಂದ ಸ್ಮರಿಸಿದ್ದಾನೆ. ಆ ಕಾಲದ ಗ್ರೀಕ್ ಸವಾರರಿಗೆ ರಿಕಾಪು ಇರಲಿಲ್ಲ. ಚೌಕಟ್ಟುಳ್ಳ ಜೀನೂ ಇರಲಿಲ್ಲ. ಬೆದರಿದ ಕುದುರೆಯ ಮೇಲೆ ಸವಾರನ ಪ್ರಾಣಕ್ಕೆ ಭದ್ರತೆ ಇರಲಿಲ್ಲವಾದ್ದರಿಂದ ಕುದುರೆಯ ಮನಸ್ಸನ್ನು ಅರಿಯುವುದು ಯುದ್ಧೋಪಯೋಗಿ ವಿದ್ಯೆಯೇ ಆಗಿತ್ತು.

ಕುದುರೆಮರಿಯನ್ನು ಶಿಕ್ಷಕನಿಗೆ ಒಪ್ಪಿಸುವ ಮೊದಲೇ ಅದು ಸೌಮ್ಯವಾಗಿ, ಮನುಷ್ಯರಲ್ಲಿ ಪ್ರೀತಿಯುಳ್ಳದ್ದಾಗಿ ಬೆಳೆದಿರಬೇಕೆಂಬುದು ಕ್ಸೆನೊಫೋನನ ಮತ. ಈ ಕೆಲಸ ಲಾಯದ ಆಳಿಗೆ ಸೇರಿದ್ದು. ಹಸಿವು, ಬಾಯಾರಿಕೆ ಮತ್ತು ನೊಣಗಳ ಕಾಟ ಮರಿಯನ್ನು ಬಾಧಿಸಿದಾಗ ಅವುಗಳಿಂದ ಬಿಡುಗಡೆ ಮನುಷ್ಯನಿಂದಲೇ ದೊರೆಯುತ್ತದೆಂಬ ಅರಿವು ಅದಕ್ಕೆ ಆಗಬೇಕು. ಅದಕ್ಕೆ ಹಿತವೆನಿಸುವ ಜಾಗಗಳನ್ನು ಸವರಬೇಕು. ಜನಸಂದಣಿಯ ನಡುವೆ ನಡೆಸಿ ನೋಟಗಳಿಗೂ ಸದ್ದುಗಳಿಗೂ ಒಗ್ಗಿಸಬೇಕು. ಯಾವುದಾದರೂ ವಸ್ತುವಿಗೆ ಬೆದರಿದರೆ ಹೊಡೆದು ಮುಂದೆ ನೂಕಬಾರದು. ಸವಾರನು ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲನೆ ಹತ್ತಿರ ಕರೆತರಬೇಕು. ಪೆಟ್ಟು ಬಿದ್ದರೆ ನೋವಿಗೂ ಆ ವಸ್ತುವೇ ಕಾರಣವೆಂದು ಕುದುರೆ ಭಾವಿಸಿ ಭಯವು ಹೆಚ್ಚುತ್ತದೆ ಎಂಬ ಕಾರಣವನ್ನೂ ಆತ ನೀಡುತ್ತಾನೆ.

ಇದು ದಂಡನೆಯನ್ನು ಸಂಪೂರ್ಣವಾಗಿ ನಿರಾಕರಿಸುವ ನಿಲುವಲ್ಲ. ಹೇಳಿದಂತೆ ನಡೆದಾಗ ಉಪಚಾರವನ್ನೂ ಅವಿಧೇಯತೆಗೆ ಶಿಕ್ಷೆಯನ್ನೂ ಆತ ಒಪ್ಪುತ್ತಾನೆ. ಆದರೆ ಕೋಪದಲ್ಲಿ ಕುದುರೆಯ ಬಳಿಗೆ ಹೋಗಲೇಬಾರದು ಎಂಬುದು ಆತನ ಸ್ಪಷ್ಟ ನಿಯಮ. ಕುದುರೆಯಿಂದ ವಿಧೇಯತೆಯನ್ನು ಬಯಸುವವನು ಮೊದಲು ತನ್ನನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕೆಂಬ ಈ ವಿಚಾರದಲ್ಲಿ ಗೌರವವು ಉಭಯಪಕ್ಷಕ್ಕೂ ಸಲ್ಲುವುದಾಗಿದೆ.

ಅರ್ಥಶಾಸ್ತ್ರದ ದೃಷ್ಟಿ ಬೇರೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊದಲಬಾರಿಗೆ ಪ್ರಕಟಿಸಿದ ಈ ಕೃತಿಯ ರಚನಾಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದರ ಎರಡನೆಯ ಅಧಿಕರಣದ 30ನೆಯ ಅಧ್ಯಾಯವು ಅಶ್ವಾಧ್ಯಕ್ಷನ ಕರ್ತವ್ಯಗಳಿಗೆ ಮೀಸಲಾಗಿದೆ. ನಾಲ್ಕು ಅಥವಾ ಐದು ವರ್ಷ ತುಂಬಿದ ಮೇಲೆಯೇ ಕುದುರೆಯನ್ನು ಕೆಲಸಕ್ಕೆ ಯೋಗ್ಯವೆಂದು ಎಣಿಸಲಾಗಿದೆ. ತೀಕ್ಷ್ಣ, ಭದ್ರ, ಮಂದ ಎಂಬ ಸ್ವಭಾವಭೇದವನ್ನು ಗಮನಿಸಿ ಯುದ್ಧಕ್ಕೋ ಸವಾರಿಗೋ ನಿಯೋಜಿಸಬೇಕೆಂದು ವಿಧಿಸಲಾಗಿದೆ. ವೈದ್ಯನು ತಡೆದ ಕುದುರೆಯನ್ನು ಸವಾರಿಗೆ ಬಳಸಿದವನಿಗೆ 12 ಪಣಗಳ ದಂಡ. ಚಿಕಿತ್ಸೆಯ ಲೋಪದಿಂದ ರೋಗವು ಉಲ್ಬಣಿಸಿದರೆ ಚಿಕಿತ್ಸಾವೆಚ್ಚದ ಎರಡರಷ್ಟು ದಂಡ ತೆರಬೇಕಾಗಿತ್ತು.

ಹುಲ್ಲು ತರುವವನು, ಆಹಾರ ಬೇಯಿಸುವವನು, ಕುದುರೆ ಕಟ್ಟುವವನು, ಲಾಯ ಕಾಯುವವನು ಮೊದಲಾದವರು ತಂತಮ್ಮ ಕೆಲಸಗಳಿಂದ ಕುದುರೆಗಳನ್ನು ‘ಆರಾಧಿಸಬೇಕು’ ಎಂಬ ಅರ್ಥದ ಕ್ರಿಯಾಪದವನ್ನು ಕೌಟಿಲ್ಯ ಬಳಸಿರುವುದು ಗಮನಾರ್ಹ. ಸಂಸ್ಕೃತದಲ್ಲಿ ಈ ಪದಕ್ಕೆ ಪ್ರಸನ್ನಗೊಳಿಸು, ಒಲಿಸಿಕೊಳ್ಳು ಎಂಬ ಅರ್ಥಗಳಿವೆ. ಕರ್ತವ್ಯ ತಪ್ಪಿದ ದಿನ ಸೇವಕನ ಆ ದಿನದ ಕೂಲಿ ಕಡಿತವಾಗುತ್ತಿತ್ತು. ಬೆದರಿದ ಮರಿಯನ್ನು ಒಲಿಸುವ ಬಗೆಯನ್ನು ಈ ಅಧ್ಯಾಯ ವಿವರಿಸುವುದಿಲ್ಲ. ದಿನನಿತ್ಯದ ಪೋಷಣೆ ತಪ್ಪದಂತೆ ಕಟ್ಟಳೆ ಮಾಡುತ್ತದೆ. ಕ್ಸೆನೊಫೋನನಲ್ಲಿ ಸ್ಪರ್ಶದಿಂದಲೂ ಸಹನೆಯಿಂದಲೂ ಸಾಧಿತವಾಗುವುದು ಇಲ್ಲಿ ಹೊಣೆಗಾರಿಕೆಯ ವ್ಯವಸ್ಥೆಯಾಗಿ ರೂಪುಗೊಂಡಿದೆ. ಎರಡೂ ಆಕರಗಳಲ್ಲಿ ಈ ಕಾರ್ಯದ ಬುನಾದಿ ಇರುವುದು ಲಾಯದಲ್ಲಿ ದುಡಿಯುವವರ ಕೈಯಲ್ಲಿ.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಆಕರಗಳನ್ನೂ ಮತ್ತೆ ಓದಬೇಕಾಗುತ್ತದೆ. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬ ಪೋರ್ಚುಗೀಸ್ ವರ್ತಕ ನೂನಿಜನ ಹೇಳಿಕೆ ಇತಿಹಾಸಗ್ರಂಥಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಂಡಿದೆ. ಸುಮಾರು 1535ರ ಅದೇ ವೃತ್ತಾಂತದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ 1,600 ಆಳುಗಳೂ ಕುದುರೆ ಪಳಗಿಸುವ 300 ಮಂದಿಯೂ ಅರಸನ ಸೇವೆಯಲ್ಲಿದ್ದರೆಂಬ ಮಾತಿದೆ. ಇದಕ್ಕೆ ದೊರೆತ ಗಮನ ಅಲ್ಪ. ಕನ್ನಡದಲ್ಲಿಯೂ ಪದ್ಮಣ ಪಂಡಿತನ ಹಯಸಾರಸಮುಚ್ಚಯದಂತಹ (1627) ಕೃತಿಗಳು ರಚಿತವಾದವು. ಹಡಗಿನಲ್ಲಿ ದಿನಗಟ್ಟಲೆ ಪಯಣಿಸಿ, ಅಪರಿಚಿತ ನೆಲದಲ್ಲಿ ಇಳಿದ ಪ್ರಾಣಿಯನ್ನು ಸೇನೆಗೆ ಒದಗಿಸಿದವರು ಈ ಸೇವಕರು ಹಾಗೂ ಶಿಕ್ಷಕರು. ಅವರ ಹೆಸರುಗಳನ್ನು ನೂನಿಜ್ ದಾಖಲಿಸಲಿಲ್ಲ. ಕೊಂಡ ಕುದುರೆಗಳ ಲೆಕ್ಕದ ಪಕ್ಕದಲ್ಲಿ ಪಳಗಿಸಿದವರ ಲೆಕ್ಕವನ್ನೂ ಇಟ್ಟು ನೋಡಿದಾಗ ಮಾತ್ರ ಅಶ್ವಬಲವೆಂಬುದರ ಚಿತ್ರ ಪೂರ್ಣವಾಗುತ್ತದೆ.